ಕಡ್ಡಿ ಪೂರ್ತಿ ಇದೆ, ಪೇಜ್ ಮಾತ್ರ ತೆರೆಯೋದಿಲ್ಲ: ಯಾವ ಪದರದ ತೊಂದರೆ ಇದು?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ಎರಡು ವರ್ಷದಿಂದ ಮನೆಗೆ ಫೈಬರ್ ನೆಟ್ ಇದೆ. ಮೊಬೈಲಿನಲ್ಲಿ ವೈಫೈ ಕಡ್ಡಿ ಯಾವಾಗಲೂ ಪೂರ್ತಿ ತೋರಿಸುತ್ತದೆ. ಆದರೆ ಮಳೆ ಜೋರಾದರೆ ವಾಟ್ಸಾಪ್ ಮೆಸೇಜ್ ಬರುತ್ತೆ, ವಿಡಿಯೊ ಕಾಲ್ ತುಂಡುತುಂಡಾಗುತ್ತೆ. ಒಂದು ಬ್ಯಾಂಕಿನ ಸೈಟ್ ಅಂತೂ ಮಳೆ ಇರಲಿ ಬಿಡಲಿ, ಮನೆಯ ವೈಫೈಯಲ್ಲಿ ತೆರೆಯುವುದೇ ಇಲ್ಲ. ಮೊಬೈಲ್ ಡೇಟಾ ಹಾಕಿದರೆ ತೆರೆಯುತ್ತೆ. ಕಂಪ್ಲೇಂಟ್ ಕೊಟ್ಟರೆ ಹುಡುಗರು ಬಂದು ನೋಡಿ 'ಹಸಿರು ಲೈಟ್ ಇದೆ, ನಮ್ಮ ಕಡೆ ಏನೂ ಪ್ರಾಬ್ಲಮ್ ಇಲ್ಲ' ಎಂದು ಹೋಗುತ್ತಾರೆ. ಬಿಸಿಎ ಓದುತ್ತಿರುವ ಮಗಳು 'ಏಳು ಲೇಯರ್ ಇದೆ ಅಪ್ಪ, ಯಾವುದರಲ್ಲೋ ತೊಂದರೆ' ಅನ್ನುತ್ತಾಳೆ. ಏನಿದು ಲೇಯರ್? ಇನ್ನೊಂದು, ಮನೆಯಿಂದ ಕಣದ ಪಕ್ಕದ ಆಫೀಸಿಗೆ ಸುಮಾರು 150 ಮೀಟರ್. ಅಲ್ಲಿಗೆ ನೆಟ್ ಎಳೆಯುವುದು ಹೇಗೆ?

ಉತ್ತರ: ಮಗಳು ಹೇಳಿದ್ದು ಸರಿ. ಹಸಿರು ಲೈಟ್ ನೋಡಿ ಹೋದ ಹುಡುಗರೂ ಸುಳ್ಳು ಹೇಳಿಲ್ಲ. ನಿಮ್ಮ ತೊಂದರೆಯೂ ನಿಜ. ಮೂರೂ ಒಟ್ಟಿಗೆ ನಿಜವಾಗಲು ಕಾರಣ, ನಾವು 'ನೆಟ್' ಎಂದು ಒಂದೇ ಹೆಸರಿಟ್ಟು ಕರೆಯುವುದು ಒಂದೇ ವಸ್ತುವಲ್ಲ. ಒಂದರ ಮೇಲೊಂದು ಕೂತ ಹಲವು ಏರ್ಪಾಡುಗಳು ಅವು. ಅವನ್ನೇ ಲೇಯರ್, ಅಂದರೆ ಪದರ ಎನ್ನುವುದು. ಒಂದೊಂದಕ್ಕೂ ಒಂದೊಂದು ಕೆಲಸ. ಕೆಳಗಿನದು ತನ್ನ ಕೆಲಸ ಹೇಗೆ ಮಾಡುತ್ತದೆ ಎಂಬುದು ಮೇಲಿನದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಿಮ್ಮ ಮೊಬೈಲಿನ ಕಡ್ಡಿ ಹೇಳುವುದು ಮೊಬೈಲಿಗೂ ಗೋಡೆಯ ಮೇಲಿನ ಡಬ್ಬಿಗೂ ನಡುವಿನ ಹತ್ತು ಮೀಟರಿನ ಸುದ್ದಿ ಮಾತ್ರ. ಡಬ್ಬಿಯ ಹಸಿರು ಲೈಟ್ ಹೇಳುವುದು ಅಲ್ಲಿಂದ ಎಕ್ಸ್‌ಚೇಂಜಿನವರೆಗಿನ ಸುದ್ದಿ. ಬ್ಯಾಂಕಿನ ಸರ್ವರ್ ಏನು ಮಾಡುತ್ತಿದೆ ಎಂಬುದು ಇವೆರಡಕ್ಕೂ ತಿಳಿಯದು. ಅದಕ್ಕೇ 'ನೆಟ್ ಇದೆಯಾ ಇಲ್ಲವಾ' ಎಂಬ ಪ್ರಶ್ನೆಯಿಂದ ಯಾವ ರಿಪೇರಿಯೂ ಆಗುವುದಿಲ್ಲ. 'ಯಾವ ಪದರದವರೆಗೆ ಸರಿ ಇದೆ?' ಎಂದು ಕೇಳಬೇಕು. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ರೋಗಗಳಿವೆ ಎಂದು ನನಗೆ ಅನಿಸುತ್ತದೆ. ಮಳೆಯದ್ದು ಕೆಳಗಿನ ಪದರದ್ದು, ಬ್ಯಾಂಕಿನದ್ದು ಮೇಲಿನದ್ದು.

ಮೊದಲು ಪದರ ಎಂದರೆ ಏನೆಂದು ನೋಡೋಣ. ಮೆಣಸಿನ ಬಳ್ಳಿ ಸೊರಗುತ್ತಿದೆ ಎಂದುಕೊಳ್ಳಿ. ಎಲೆಯ ಫೋಟೊ ತೆಗೆದು ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ ಇ-ಮೇಲ್ ಮಾಡುತ್ತೀರಿ. ಫೋಟೊ 3 ಎಂಬಿ. ಅದು ಇಡಿಯಾಗಿ ಒಂದೇ ಗಂಟಾಗಿ ಹೋಗುವುದಿಲ್ಲ. ನಿಮ್ಮ ಮೊಬೈಲಿನೊಳಗಿನ ಟಿಸಿಪಿ ಎಂಬ ಪದರ ಅದನ್ನು ಸುಮಾರು 1460 ಬೈಟಿನ ತುಂಡುಗಳಾಗಿ ಕತ್ತರಿಸುತ್ತದೆ. 2000ಕ್ಕೂ ಹೆಚ್ಚು ತುಂಡುಗಳಾಗುತ್ತವೆ. ಪ್ರತಿ ತುಂಡಿಗೂ ತನ್ನ 20 ಬೈಟಿನ ಚೀಟಿ ಅಂಟಿಸುತ್ತದೆ: ಇದು ಎಷ್ಟನೆಯದು, ಆ ಕಡೆ ಯಾವ ಪ್ರೋಗ್ರಾಮಿಗೆ ಸೇರಬೇಕು. ಅದನ್ನು ಐಪಿ ಎಂಬ ಪದರಕ್ಕೆ ಕೊಡುತ್ತದೆ. ಐಪಿ ಇನ್ನೊಂದು 20 ಬೈಟಿನ ಚೀಟಿ ಹಚ್ಚುತ್ತದೆ: ಎಲ್ಲಿಂದ, ಎಲ್ಲಿಗೆ. ಈಗ 1500 ಬೈಟ್ ಆಯಿತು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಬ್ಯಾಂಕಿನ ಸೈಟಿನ ಗುಟ್ಟು ಇದರಲ್ಲೇ ಇದೆ. ಅದರ ಕೆಳಗೆ ಈಥರ್‌ನೆಟ್ಟೋ ವೈಫೈಯೋ ತನ್ನ ಚೀಟಿ ಹಚ್ಚಿ, ಬೆಳಕಾಗಿಯೋ ರೇಡಿಯೊ ಅಲೆಯಾಗಿಯೋ ಮುಂದಿನ ಪೆಟ್ಟಿಗೆಗೆ ದಾಟಿಸುತ್ತದೆ.

ನಿಮ್ಮ ತೋಟದಲ್ಲೂ ಇದೇ ನಡೆಯುತ್ತದೆ. ಕಾಫಿಯನ್ನು ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುವಾಗ ರೈಟರ್ ಮೂಟೆಗಳಿಗೆ ನಂಬರ್ ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಲಾರಿ ಡ್ರೈವರಿಗೆ ಬೇಕಾದ್ದು ಎಲ್ಲಿಗೆ ಹೋಗಬೇಕು ಎಂಬುದಷ್ಟೇ. ಒಳಗಿರುವುದು ಅರೇಬಿಕಾವೋ ರೊಬಸ್ಟಾವೋ ಅವನಿಗೆ ಬೇಡ. ರಸ್ತೆಗಂತೂ ಲಾರಿಯಲ್ಲಿ ಮೂಟೆ ಇದೆಯೋ ಮರಳಿದೆಯೋ ಗೊತ್ತಿಲ್ಲ. ಆ ಕಡೆ ಎಣಿಸಿಕೊಳ್ಳುವವರು '37ನೆಯದು ಬಂದಿಲ್ಲ' ಎಂದು ಫೋನ್ ಮಾಡುತ್ತಾರೆ. ಮಾತು ನಡೆಯುವುದು ಲೆಕ್ಕ ಬರೆಯುವ ಇಬ್ಬರ ನಡುವೆ, ಡ್ರೈವರ್ ಅದರಲ್ಲಿ ಬಾಯಿ ಹಾಕುವುದಿಲ್ಲ. ಎರಡು ಕಡೆಯ ಸಮಾನ ಪದರಗಳು ಹೀಗೆ ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದಕ್ಕೇ ಪ್ರೋಟೋಕಾಲ್ ಎನ್ನುವುದು. ನಿಮ್ಮ ಮೊಬೈಲಿನ ಟಿಸಿಪಿ ಮಾತಾಡುವುದು ಸರ್ವರಿನ ಟಿಸಿಪಿಯ ಜೊತೆ. ನಡುವೆ ಸಿಗುವ, ತುಂಡುಗಳನ್ನು ಮುಂದಕ್ಕೆ ದಾಟಿಸುವ ರೂಟರುಗಳು ಆ ಚೀಟಿಯನ್ನು ಓದಬೇಕಾಗಿಯೇ ಇಲ್ಲ.

ಇನ್ನು ಕೆಳಗಿನಿಂದ ಒಂದೊಂದೇ ಪದರ ಹತ್ತುತ್ತಾ ಹೋಗೋಣ. ತೊಂದರೆ ಹುಡುಕುವಾಗಲೂ ನಾನು ಹೀಗೇ ಹತ್ತುತ್ತೇನೆ.

ಎಲ್ಲಕ್ಕಿಂತ ಕೆಳಗೆ ಬೆಳಕು. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮಡಿಕೇರಿಯಿಂದ ಬೆಂಗಳೂರಿಗೆ 250 ಕಿಲೋಮೀಟರ್ ಎಂದು ಹಿಡಿದರೆ ಹೋಗಿ ಬರಲು ಎರಡೂವರೆ ಮಿಲಿಸೆಕೆಂಡು ಸಾಕು. ಎಕ್ಸ್‌ಚೇಂಜಿನಿಂದ ಹೊರಟ ಒಂದೇ ಫೈಬರನ್ನು ದಾರಿಯಲ್ಲಿ ಸ್ಪ್ಲಿಟರ್ ಹಾಕಿ 16, 32 ಮನೆಗಳಿಗೆ ಹಂಚುತ್ತಾರೆ. ಹಂಚಿದಷ್ಟೂ ಒಬ್ಬೊಬ್ಬರ ಪಾಲಿನ ಬೆಳಕು ಕಡಿಮೆ. ಅದನ್ನು ಅಳೆಯುವ ಪವರ್ ಮೀಟರ್ ಲೈನಿನ ಹುಡುಗರ ಕೈಯಲ್ಲೇ ಇರುತ್ತದೆ, 'ಡಿಬಿ ಎಷ್ಟಿದೆ?' ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದನ್ನು ನೀವೂ ಕೇಳಿರುತ್ತೀರಿ. ಮೈನಸ್ 20 ಎಂದರೆ ಒಂದು ಮಿಲಿವ್ಯಾಟಿನ ನೂರನೆಯ ಒಂದು ಪಾಲು. ಮೈನಸ್ 27 ಎಂದರೆ ಐನೂರನೆಯ ಒಂದು ಪಾಲು. ಮನೆಗಳಿಗೆ ಹಾಕುವ ಸಾಮಾನ್ಯ ಡಬ್ಬಿಗಳಿಗೆ ಹೆಚ್ಚುಕಡಿಮೆ ಇದೇ ಕೊನೆಯ ಗಡಿ. 3 ಡಿಬಿ ಇಳಿದರೆ ಬೆಳಕು ಅರ್ಧ ಆಯಿತೆಂದು ಲೆಕ್ಕ.

ಗಾಜಿನೊಳಗಿನ ಬೆಳಕಿಗೆ ಮಳೆಯಿಂದ ಏನೂ ಆಗುವುದಿಲ್ಲ. ಆದರೆ ನಮ್ಮಲ್ಲಿ ಫೈಬರ್ ಹೋಗುವುದು ಕರೆಂಟ್ ಕಂಬದ ಮೇಲೆ, ಸಿಲ್ವರ್ ಮರದ ಮಗ್ಗುಲಲ್ಲಿ. ಗಾಳಿಗೆ ಕೊಂಬೆ ಬಿದ್ದು ಕೇಬಲ್ ಜಗ್ಗುತ್ತದೆ, ಎಲ್ಲೋ ಒಂದು ಕಡೆ ಮಡಿಚಿಕೊಳ್ಳುತ್ತದೆ. ಕಂಬದ ಮೇಲಿನ ಡಬ್ಬಿಯ ಮುಚ್ಚಳ ಸರಿಯಾಗಿ ಕೂರದೆ ಕನೆಕ್ಟರಿನ ಬಾಯಿಗೆ ನೀರು, ಕೊಳೆ ಸೇರುತ್ತದೆ. ಮಡಿಚಿದ ಜಾಗದಲ್ಲಿ ಬೆಳಕು ಗಾಜಿನಿಂದ ಹೊರಗೆ ಸೋರುತ್ತದೆ. ಒಮ್ಮೆ ನಾನು ನೋಡಿದ ಮನೆಯೊಂದರಲ್ಲಿ ಇಡೀ ದಾರಿ ಚೆನ್ನಾಗಿತ್ತು. ಕಪಾಟಿನ ಹಿಂದೆ ಒಂದು ಮೊಳೆಗೆ ಫೈಬರನ್ನು ಚಪ್ಪಲಿ ಬಾರಿನ ಹಾಗೆ ಬಿಗಿಯಾಗಿ ಸುತ್ತಿ ಬಿಟ್ಟಿದ್ದರು. ಮೀಟರ್ ಮೈನಸ್ 28 ತೋರಿಸುತ್ತಿತ್ತು. ಮೊಳೆಯಿಂದ ಬಿಡಿಸಿ ತಟ್ಟೆಯಗಲಕ್ಕೆ ಸಡಿಲವಾಗಿ ಸುತ್ತಿದ ಮೇಲೆ ಮೈನಸ್ 21ಕ್ಕೆ ಬಂತು. ಅಷ್ಟೇ ಆ ಮನೆಯ ಕಾಯಿಲೆ.

ನಿಮ್ಮ ಹಸಿರು ಲೈಟಿನ ವಿಷಯಕ್ಕೆ ಇದು ಮುಖ್ಯ. ಬೆಳಕು ಪೂರ್ತಿ ನಿಂತರೆ ಮಾತ್ರ ಡಬ್ಬಿಯಲ್ಲಿ ಕೆಂಪು ಲೈಟ್ ಮಿನುಗುತ್ತದೆ. ಗಡಿಯ ಹತ್ತಿರ ತೂಗಾಡುತ್ತಿದ್ದರೆ ಹಸಿರೇ ಇರುತ್ತದೆ, ಒಳಗೆ ತುಂಡುಗಳು ಒಂದೊಂದಾಗಿ ಹಾಳಾಗುತ್ತಿರುತ್ತವೆ. ಬಿಸಿಲಿರುವ ದಿನ ಬಂದು ಲೈಟ್ ನೋಡಿ ಹೋದರೆ ಏನೂ ತಿಳಿಯದು. ಮಳೆ ಬರುತ್ತಿರುವಾಗಲೇ, ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಬೆಳಕಿನ ಡಿಬಿ ಎಷ್ಟಿದೆ ಎಂದು ನೋಡಿ ಬರೆದಿಡಿ. ಹೆಚ್ಚಿನ ಡಬ್ಬಿಗಳು ಅದನ್ನು ತೋರಿಸುತ್ತವೆ. ಬಿಸಿಲಿನಲ್ಲಿ ಮೈನಸ್ 22, ಮಳೆಯಲ್ಲಿ ಮೈನಸ್ 27 ಎಂದು ನೀವು ಎರಡು ಅಂಕಿ ಹೇಳಿದರೆ ಯಾವ ಲೈನ್‌ಮ್ಯಾನೂ 'ಪ್ರಾಬ್ಲಮ್ ಇಲ್ಲ' ಎನ್ನಲಾರ. ಎಲ್ಲೋ ಒಂದು ಜಾಯಿಂಟ್ ಹೋಗಿದೆ ಎಂದು ಅವನಿಗೇ ತಿಳಿಯುತ್ತದೆ.

ಅದರ ಮೇಲಿನ ಪದರ ಐಪಿ. ಲೋಕದ ಯಾವ ಮೂಲೆಗಾದರೂ ದಾರಿ ಹುಡುಕುವ ಪದರ ಇದು. ಆದರೆ ಇಡೀ ದಾರಿ ಯಾರಿಗೂ ಗೊತ್ತಿರುವುದಿಲ್ಲ. ಒಂದೊಂದು ರೂಟರ್ ತನ್ನ ಪಟ್ಟಿ ನೋಡಿ, 'ಈ ವಿಳಾಸಕ್ಕೆ ಹೋಗುವುದಾದರೆ ಮುಂದೆ ಇವರಿಗೆ ಕೊಡು' ಎಂದು ಮುಂದಿನ ಒಂದು ಹೆಜ್ಜೆ ಮಾತ್ರ ಹೇಳುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ನಮ್ಮಲ್ಲಿ ಯಾರೂ ಮರೆಯುವ ವಿಷಯವಲ್ಲ. ಮಂಗಳೂರಿಗೆ ಹೋಗಬೇಕಾದವರು ಆಗ ಬೇರೆ ಘಾಟಿ ಸುತ್ತಿ ಹೋದರು. ಹೊರಡುವಾಗ ಕೇಳಿದ ದಾರಿಯನ್ನೇ ನೆಚ್ಚಿಕೊಂಡು ಹೋಗಿದ್ದರೆ ನಡುದಾರಿಯಲ್ಲಿ ಸಿಕ್ಕಿಬೀಳುತ್ತಿದ್ದರು. ಒಂದೊಂದು ಕೂಡುರಸ್ತೆಯಲ್ಲೂ 'ಈಗ ಯಾವ ದಾರಿ ತೆರೆದಿದೆ' ಎಂದು ಕೇಳಿಕೊಂಡು ಹೋದವರು ತಲುಪಿದರು. ಐಪಿ ಹೋಗುವುದೂ ಹೀಗೆ ಕೇಳಿಕೊಂಡೇ. ಒಂದೇ ಫೋಟೊದ ಎರಡು ತುಂಡುಗಳು ಬೇರೆ ಬೇರೆ ದಾರಿ ಹಿಡಿದು, ಹಿಂದಿನದು ಮುಂದೆ ತಲುಪುವುದೂ ಉಂಟು. ದಾರಿ ತಪ್ಪಿ ಸುತ್ತುತ್ತಲೇ ಇರಬಾರದೆಂದು ಪ್ರತಿ ತುಂಡಿಗೂ ಒಂದು ಎಣಿಕೆ ಹಾಕಿರುತ್ತಾರೆ, ಸಾಮಾನ್ಯವಾಗಿ 64 ಅಥವಾ 128. ಒಂದೊಂದು ರೂಟರ್ ದಾಟಿದಾಗಲೂ ಒಂದು ಕಳೆಯುತ್ತದೆ. ಸೊನ್ನೆಯಾದರೆ ಆ ತುಂಡನ್ನು ಅಲ್ಲೇ ಬಿಸಾಡುತ್ತಾರೆ.

ಅಂದಹಾಗೆ, ನಾಪೋಕ್ಲುವಿನಿಂದ ಅಪ್ಪಂಗಳ ಹತ್ತಿರವೇ ಇದ್ದರೂ ನಿಮ್ಮ ಫೋಟೊ ಹಾಗೆ ಹತ್ತಿರದಲ್ಲಿ ಹೋಗುವುದಿಲ್ಲ. ಮೇಲ್ ಸರ್ವರ್ ಯಾವ ಊರಿನಲ್ಲಿದೆಯೋ ಅಲ್ಲಿಗೆ ಹೋಗಿ ತಿರುಗಿ ಬರುತ್ತದೆ. ಜಾಲದ ದೂರವೇ ಬೇರೆ, ರಸ್ತೆಯ ದೂರವೇ ಬೇರೆ.

ಐಪಿಯ ಬಗ್ಗೆ ತಿಳಿಯಲೇಬೇಕಾದ್ದು ಇನ್ನೊಂದಿದೆ: ಅದು ಮಾತು ಕೊಡುವುದಿಲ್ಲ. ತುಂಡು ತಲುಪುತ್ತದೆ ಎಂದಾಗಲಿ, ಸರಿಯಾದ ಸಾಲಿನಲ್ಲಿ ತಲುಪುತ್ತದೆ ಎಂದಾಗಲಿ ಹೇಳುವುದಿಲ್ಲ. ರೂಟರಿನಲ್ಲಿ ಜಾಗ ತುಂಬಿದರೆ ತುಂಡನ್ನು ಸದ್ದಿಲ್ಲದೆ ಕೈಬಿಡುತ್ತದೆ. ಮೊದಲ ಸಲ ಇದನ್ನು ಕಲಿತಾಗ ನನಗೆ ದೊಡ್ಡ ಕೊರತೆ ಎನಿಸಿತ್ತು. ಈಗ, ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ, ಇಡೀ ಇಂಟರ್ನೆಟ್ಟಿನ ಅತ್ಯಂತ ಬುದ್ಧಿವಂತ ತೀರ್ಮಾನ ಇದೇ ಎಂದು ಅನಿಸುತ್ತದೆ. 1970ರ ದಶಕದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ಕಂಪ್ಯೂಟರ್ ತಜ್ಞ ಲೂಯಿ ಪೂಜಾಂ ತಮ್ಮ ಸಿಕ್ಲಾಡ್ ಜಾಲದಲ್ಲಿ ಈ ದಾರಿ ಹಿಡಿದರು: ನಡುವಿನ ಜಾಲ ಸರಳವಾಗಿರಲಿ, ಲೆಕ್ಕ ಇಡುವ ಹೊಣೆ ಎರಡು ತುದಿಯ ಕಂಪ್ಯೂಟರುಗಳದ್ದಾಗಲಿ. 1974ರಲ್ಲಿ ಅಮೆರಿಕದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಪ್ರಕಟಿಸಿದ ಬರಹದಲ್ಲೂ ಆ ವಿಚಾರವಿತ್ತು. ಅವರು ಮೊದಲು ಎಲ್ಲವನ್ನೂ ಟಿಸಿಪಿ ಎಂಬ ಒಂದೇ ಪದರದಲ್ಲಿ ಇಟ್ಟಿದ್ದರು. ಮಾತಿನ ಸದ್ದನ್ನು ಕಳಿಸುವವರಿಗೆ ಆ ಲೆಕ್ಕಾಚಾರವೆಲ್ಲ ಬೇಡ, ವೇಗ ಮಾತ್ರ ಬೇಕು ಎಂದು ಕಂಡಮೇಲೆ 1978ರ ಹೊತ್ತಿಗೆ ಟಿಸಿಪಿ, ಐಪಿ ಎಂದು ಎರಡಾಗಿ ಒಡೆದರು. ನಾವು ಇಂದಿಗೂ ಬಳಸುವ ಐಪಿಯ ನಾಲ್ಕನೇ ಆವೃತ್ತಿಯ ನಿಯಮ ಬರೆದದ್ದು 1981ರಲ್ಲಿ. ಇಂಟರ್ನೆಟ್ಟಿನ ಮೂಲವಾದ ಅಮೆರಿಕದ ಆರ್ಪಾನೆಟ್ ಜಾಲ 1983ರ ಜನವರಿ 1ರಂದು ಪೂರ್ತಿ ಅದಕ್ಕೆ ಬದಲಾಯಿತು. ಆಮೇಲೆ ಕೆಳಗಿನ ಪದರದಲ್ಲಿ ಡಯಲ್‌ಅಪ್ ಮೋಡೆಮ್ ಬಂದು ಹೋಯಿತು, ವೈಫೈ ಬಂತು, 4ಜಿ ಬಂತು, ಫೈಬರ್ ಬಂತು. ಮೇಲಿನ ಪದರದಲ್ಲಿ ವೆಬ್ ಬಂತು, ವಾಟ್ಸಾಪ್ ಬಂತು. ನಡುವಿನ ಐಪಿಯನ್ನು ಯಾರೂ ಬಿಚ್ಚಿ ಕೂಡಿಸಬೇಕಾಗಲಿಲ್ಲ.

ವಿಳಾಸಗಳು ಸಾಲದೆ ಬಂದ ತೊಂದರೆ ಮಾತ್ರ ಉಂಟು. 32 ಬಿಟ್ಟಿನ ವಿಳಾಸ ಎಂದರೆ ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಗೇ ಸಾಲದು. ಅದಕ್ಕೆ 128 ಬಿಟ್ಟಿನ ಐಪಿವಿ6 ಬಂದಿದೆ. ಹಳೆಯದರಲ್ಲಿ ಹೊಂದಿಸಿಕೊಳ್ಳಲು ನಿಮ್ಮ ಮನೆಯ ಎಲ್ಲ ಮೊಬೈಲುಗಳಿಗೂ 192.168ರಿಂದ ಶುರುವಾಗುವ ಒಳಮನೆ ವಿಳಾಸ ಕೊಟ್ಟು, ಹೊರಗೆ ಒಂದೇ ವಿಳಾಸ ತೋರಿಸುತ್ತಾರೆ. ಕೆಲವು ಕಂಪನಿಗಳು ಹಲವಾರು ಮನೆಗಳಿಗೆ ಸೇರಿಸಿ ಒಂದೇ ಹೊರವಿಳಾಸ ಇಡುತ್ತವೆ.

ಈಗ ಟಿಸಿಪಿ. ನಿಮ್ಮ ಮಳೆಗಾಲದ ತೊಂದರೆ ಕಣ್ಣಿಗೆ ಕಾಣುವುದು ಈ ಪದರದಲ್ಲಿ. ಬಂದ ತುಂಡುಗಳನ್ನು ಟಿಸಿಪಿ ನಂಬರಿನ ಪ್ರಕಾರ ಜೋಡಿಸುತ್ತದೆ, 'ಇಲ್ಲಿಯವರೆಗೆ ಬಂತು' ಎಂದು ಉತ್ತರ ಕಳಿಸುತ್ತದೆ, ಉತ್ತರ ಬಾರದಿದ್ದರೆ ಕಳಿಸಿದವರು ಮತ್ತೆ ಕಳಿಸುತ್ತಾರೆ. ಕೇಳಲು ಸರಳ. ಆದರೆ 1986ರ ಅಕ್ಟೋಬರಿನಲ್ಲಿ ಈ ಸರಳತೆಯೇ ಜಾಲವನ್ನು ಮಲಗಿಸಿಬಿಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು ಸುಮಾರು 400 ಗಜ. ಅಲ್ಲಿ ಸೆಕೆಂಡಿಗೆ 32,000 ಬಿಟ್ ಇದ್ದ ವೇಗ 40 ಬಿಟ್ಟಿಗೆ ಇಳಿಯಿತು. ತುಂಡುಗಳು ಕಳೆಯುತ್ತಿದ್ದುದು ದಟ್ಟಣೆಯಿಂದ. ಕಳೆದದ್ದನ್ನು ಎಲ್ಲರೂ ಮತ್ತೆ ಮತ್ತೆ ಕಳಿಸಿದ್ದರಿಂದ ದಟ್ಟಣೆ ಇನ್ನೂ ಹೆಚ್ಚಿತು. ಕಿರಿದಾದ ಸೇತುವೆಯ ಮೇಲೆ ಎರಡು ಕಡೆಯಿಂದಲೂ ನುಗ್ಗಿದ ಹಾಗೆ. ಆ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಕಂಡುಕೊಂಡ ಮದ್ದು 1988ರಲ್ಲಿ ಪ್ರಕಟವಾಯಿತು: ನಿಧಾನ ಶುರು ಮಾಡು, ಸರಿ ಹೋಗುತ್ತಿದ್ದರೆ ಸ್ವಲ್ಪ ಸ್ವಲ್ಪ ಏರಿಸು, ತುಂಡು ಕಳೆದರೆ ದಟ್ಟಣೆ ಇದೆ ಎಂದು ತಿಳಿದು ವೇಗ ಥಟ್ಟನೆ ತಗ್ಗಿಸು. ಯಾರೂ ಮೇಲ್ವಿಚಾರಣೆ ಮಾಡದೆ ಕೋಟಿಗಟ್ಟಲೆ ಕಂಪ್ಯೂಟರುಗಳು ತಾವಾಗಿಯೇ ದಾರಿ ಬಿಟ್ಟುಕೊಡುತ್ತಿವೆ ಎಂದರೆ ಈ ಒಂದು ವಿವೇಕದಿಂದ.

ನಿಮ್ಮ ಮನೆಯಲ್ಲಿ ತುಂಡು ಕಳೆಯುತ್ತಿರುವುದು ದಟ್ಟಣೆಯಿಂದಲ್ಲ, ನೆನೆದ ಜಾಯಿಂಟಿನಿಂದ. ಟಿಸಿಪಿಗೆ ಅದು ತಿಳಿಯುವುದು ಹೇಗೆ? ಕೆಳಗಿನ ಪದರ ಅದಕ್ಕೆ ಕಾಣದು. ಕಳೆದದ್ದು ಕಂಡ ಕೂಡಲೇ ಪಾಪ, ಅದು ವೇಗ ತಗ್ಗಿಸುತ್ತದೆ. ಹೋಗಿ ಬರಲು 40 ಮಿಲಿಸೆಕೆಂಡು ಹಿಡಿಯುವ ದಾರಿಯಲ್ಲಿ ನೂರಕ್ಕೆ ಒಂದೇ ಒಂದು ತುಂಡು ಕಳೆದರೂ, ಹಳೆಯ ಮಾದರಿಯ ಟಿಸಿಪಿಯ ಲೆಕ್ಕದಲ್ಲಿ ಒಂದು ಸಂಪರ್ಕಕ್ಕೆ ಸಿಗುವುದು ಸುಮಾರು 3.5 ಎಂಬಿಪಿಎಸ್. ನೀವು 100 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿದ್ದರೂ ಅಷ್ಟೇ. ನೂರಕ್ಕೆ ನಾಲ್ಕು ಕಳೆದರೆ ಅದರಲ್ಲೂ ಅರ್ಧ. ಪ್ಲಾನ್ ದೊಡ್ಡದು ಮಾಡಿಸಿದರೆ ಈ ತೊಂದರೆ ಹೋಗುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ವಾಟ್ಸಾಪ್ ಮೆಸೇಜ್ ಬರುವುದೇಕೆ? ಅದು ಚಿಕ್ಕದು, ಒಂದೇ ತುಂಡಿನಲ್ಲಿ ಮುಗಿಯಬಹುದು. ಕಳೆದರೂ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಬರುತ್ತದೆ. ನಿಮಗೆ ತಿಳಿಯುವುದೂ ಇಲ್ಲ. ವಿಡಿಯೊ ಕಾಲ್ ಹಾಗಲ್ಲ. ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ, ಸೆಕೆಂಡಿಗೆ 50ರಂತೆ ಕಳಿಸುತ್ತಾರೆ. ತಡವಾಗಿ ಬಂದ ಚೂರಿನಿಂದ ಪ್ರಯೋಜನವಿಲ್ಲ, ಆ ಮಾತು ಆಗಲೇ ಮುಗಿದಿರುತ್ತದೆ. ಆದ್ದರಿಂದ ಕಾಲ್‌ಗಳು ಟಿಸಿಪಿ ಬಿಟ್ಟು ಯುಡಿಪಿ ಎಂಬ ಹಗುರ ಪದರ ಹಿಡಿಯುತ್ತವೆ. ಅದರ ಚೀಟಿ ಬರೀ 8 ಬೈಟ್, ಕಳೆದದ್ದು ಕಳೆಯಿತು. ಕಳೆದದ್ದೇ ನಿಮ್ಮ ಕಿವಿಗೆ ತುಂಡಾದ ಮಾತಾಗಿ ಕೇಳಿಸುತ್ತದೆ. ಒಂದೇ ಕಾಯಿಲೆ, ಎರಡು ಪದರದಲ್ಲಿ ಎರಡು ಲಕ್ಷಣ.

ಇನ್ನು ಬ್ಯಾಂಕಿನ ಸೈಟ್. ನಿಜ ಹೇಳಬೇಕೆಂದರೆ ನಿಮ್ಮ ಪತ್ರ ಓದಿ ನನಗೆ ಹೆಚ್ಚು ಆಸಕ್ತಿ ಹುಟ್ಟಿದ್ದು ಇದರಲ್ಲೇ. ಮೊದಲು, ತೆರೆಯದಿದ್ದಾಗ ಪರದೆಯ ಮೇಲೆ ಏನು ಬರುತ್ತದೆ ನೋಡಿ. 'ಸರ್ವರ್ ಸಿಗಲಿಲ್ಲ' ಎಂದು ತಕ್ಷಣ ಬಂದರೆ ಅದು ಡಿಎನ್‌ಎಸ್. ಬ್ಯಾಂಕಿನ ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ವ್ಯವಸ್ಥೆ ಅದು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅದನ್ನು ರೂಪಿಸುವ ಮೊದಲು ಜಾಲದ ಎಲ್ಲ ಕಂಪ್ಯೂಟರುಗಳ ಹೆಸರನ್ನೂ ಒಂದೇ ಕಡತದಲ್ಲಿ ಬರೆದಿಟ್ಟು ಎಲ್ಲರೂ ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು! ರೂಟರಿನಲ್ಲಿ ಡಿಎನ್‌ಎಸ್ ವಿಳಾಸವನ್ನು ಎಲ್ಲರಿಗೂ ತೆರೆದಿರುವ 8.8.8.8 ಅಥವಾ 1.1.1.1 ಎಂದು ಬದಲಾಯಿಸಿದರೆ ಆ ತೊಂದರೆ ಹೋಗುತ್ತದೆ. ಹಾಗಲ್ಲದೆ, ಪುಟ ಬೆಳ್ಳಗೆ ನಿಂತು ಚಕ್ರ ಸುತ್ತುತ್ತಲೇ ಇದ್ದು ಕೊನೆಗೆ ಕೈಬಿಟ್ಟರೆ? ನನಗೆ ಅನುಮಾನ ಆ 1500ರ ಮೇಲೆ.

ಕೆಲವು ವರ್ಷಗಳ ಹಿಂದೆ ಅಮ್ಮತ್ತಿ ಕಡೆಯ ಮನೆಯೊಂದರಲ್ಲಿ ಇದೇ ಕಾಯಿಲೆಗೆ ನಾನು ಎರಡು ದಿನ ಕಳೆದಿದ್ದೇನೆ. ಪಿಂಗ್ (ಒಂದು ವಿಳಾಸಕ್ಕೆ ಚಿಕ್ಕ ತುಂಡು ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಗುತ್ತಿತ್ತು, ಬೇರೆ ಸೈಟುಗಳೆಲ್ಲ ತೆರೆಯುತ್ತಿದ್ದವು, ಒಂದೆರಡು ಮಾತ್ರ ಇಲ್ಲ. ಕಾರಣ ಹೀಗಿತ್ತು. ಆ ಮನೆಯ ಸಂಪರ್ಕ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಪಿಪಿಪಿಒಇ ಎಂಬ ರೀತಿಯದ್ದು. ಅದು ಪ್ರತಿ ತುಂಡಿಗೂ 8 ಬೈಟಿನ ಇನ್ನೊಂದು ಚೀಟಿ ಸೇರಿಸುತ್ತದೆ. ಹಾಗಾಗಿ ಆ ದಾರಿಯಲ್ಲಿ ಹಿಡಿಸುವುದು 1500 ಅಲ್ಲ, 1492. ದೂರದ ಸರ್ವರಿಗೆ ಇದು ಗೊತ್ತಿಲ್ಲ. ಅದು 1500 ಬೈಟಿನ ತುಂಡನ್ನೇ ಕಳಿಸುತ್ತದೆ. ಇಲ್ಲಿನ ಉಪಕರಣ 'ದೊಡ್ಡದಾಯಿತು, ಸಣ್ಣದು ಮಾಡಿ ಕಳಿಸಿ' ಎಂದು ಹಿಂದಕ್ಕೆ ಸುದ್ದಿ ಕಳಿಸುತ್ತದೆ. ಹೆಚ್ಚಿನ ಸರ್ವರುಗಳು ಆ ಸುದ್ದಿ ಕೇಳಿ ಸಣ್ಣ ತುಂಡು ಕಳಿಸುತ್ತವೆ. ಆದರೆ ಭದ್ರತೆಯ ಹೆಸರಿನಲ್ಲಿ ಫೈರ್‌ವಾಲ್ ಕಾಯುವವರು ಕೆಲವರು ಆ ರೀತಿಯ ಸುದ್ದಿಯನ್ನೇ ಬಾಗಿಲಲ್ಲಿ ತಡೆದುಬಿಡುತ್ತಾರೆ. ಸರ್ವರ್ ಉತ್ತರ ಬಾರದೆ ಅದೇ ದೊಡ್ಡ ತುಂಡನ್ನು ಮತ್ತೆ ಮತ್ತೆ ಕಳಿಸುತ್ತದೆ, ಇಲ್ಲಿ ಅದೇ ತುಂಡು ಮತ್ತೆ ಮತ್ತೆ ಬೀಳುತ್ತದೆ. ಮೊದಲ ನಮಸ್ಕಾರದ ಚಿಕ್ಕ ತುಂಡುಗಳು ದಾಟುವುದರಿಂದ ಸಂಪರ್ಕ ಆದಂತೆಯೇ ಕಾಣುತ್ತದೆ. ಪುಟ ಮಾತ್ರ ಬರುವುದಿಲ್ಲ.

ಪತ್ತೆ ಹಚ್ಚಿದ್ದು ಪಿಂಗ್‌ನಿಂದಲೇ. ಪಿಂಗ್‌ಗೆ ಗಾತ್ರ ಹೇಳಿ, 'ಒಡೆಯಬೇಡ' ಎಂದೂ ಹೇಳಿ ಕಳಿಸಬಹುದು. 1464 ಬೈಟ್ ಇಟ್ಟು ಕಳಿಸಿದಾಗ ಹೋಯಿತು, 1472 ಹೋಗಲಿಲ್ಲ. ಪಿಂಗಿನ ಚೀಟಿಗಳು 28 ಬೈಟ್. ಕೂಡಿಸಿದರೆ 1492 ಮತ್ತು 1500. ರೂಟರಿನಲ್ಲಿ ಎಂಟಿಯು (ಚೀಟಿ ಸೇರಿ ಇಡೀ ತುಂಡಿನ ಮಿತಿ) ಎಂಬಲ್ಲಿ 1492, ಎಂಎಸ್‌ಎಸ್ (ಚೀಟಿ ಬಿಟ್ಟು ಒಳಗಿನ ಸರಕಿನ ಮಿತಿ) ಎಂಬಲ್ಲಿ 1452 ಹಾಕಿದೆ. ಆಗ ಮನೆಯ ಕಂಪ್ಯೂಟರುಗಳು ಮಾತಿನ ಶುರುವಿನಲ್ಲೇ 'ನನಗೆ 1452ಕ್ಕಿಂತ ದೊಡ್ಡದು ಕಳಿಸಬೇಡಿ' ಎಂದು ಹೇಳಿಬಿಡುತ್ತವೆ. ಬ್ಯಾಂಕಿನ ಪುಟ ಒಡನೆಯೇ ತೆರೆಯಿತು. ಒಳ್ಳೆಯ ರೂಟರುಗಳು ಇದನ್ನು ತಾವೇ ಮಾಡಿಕೊಳ್ಳುತ್ತವೆ. ನಿಮ್ಮದರಲ್ಲಿ ಆ ಸೆಟ್ಟಿಂಗ್ ತಪ್ಪಿರಬಹುದು. ಮೊಬೈಲ್ ಡೇಟಾದ ದಾರಿಯೇ ಬೇರೆಯಾದ್ದರಿಂದ ಅಲ್ಲಿ ತೆರೆಯುವುದಕ್ಕೂ ಇದು ಹೊಂದುತ್ತದೆ. ಇದರಿಂದಲೂ ಸರಿಯಾಗದಿದ್ದರೆ, ಹಲವು ಮನೆಗಳು ಹಂಚಿಕೊಂಡ ಆ ಹೊರವಿಳಾಸದಿಂದ ಬೇರೆ ಯಾರೋ ಮಾಡಿದ ತಪ್ಪಿಗೆ ಬ್ಯಾಂಕು ಇಡೀ ವಿಳಾಸವನ್ನೇ ತಡೆದಿರಬಹುದು. ಹಾಗಿದ್ದರೆ ಸ್ವಂತ ಹೊರವಿಳಾಸ ಕೊಡಿ ಎಂದು ನೆಟ್ ಕಂಪನಿಯನ್ನು ಕೇಳಬೇಕು.

ಯಾವುದೋ ಹಳೇ ಕಂಪ್ಯೂಟರಿನಲ್ಲಿ ಮಾತ್ರ ತೆರೆಯದಿದ್ದರೆ ಗಡಿಯಾರ ನೋಡಿ. ದಿನಗಟ್ಟಲೆ ಕರೆಂಟ್ ಹೋಗಿ, ಒಳಗಿನ ಚಿಕ್ಕ ಬ್ಯಾಟರಿಯೂ ಸತ್ತಿದ್ದರೆ ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ. ಬೀಗದ ಗುರುತಿನ ಸೈಟುಗಳು ತಮ್ಮ ಗುರುತುಪತ್ರವನ್ನು ತಾರೀಖಿನ ಜೊತೆ ತೋರಿಸುತ್ತವೆ. ನಿಮ್ಮ ಕಂಪ್ಯೂಟರಿಗೆ ಅದು ಇನ್ನೂ ಜಾರಿಗೆ ಬಾರದ ಪತ್ರದಂತೆ ಕಂಡು ಬಾಗಿಲು ಹಾಕುತ್ತದೆ.

ಮಗಳಿಗೆ ಒಂದು ಮಾತು. ಪರೀಕ್ಷೆಯಲ್ಲಿ ಏಳು ಪದರ ಎಂದೇ ಬರೆಯಲಿ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1984ರಲ್ಲಿ ಪ್ರಕಟಿಸಿದ ಮಾದರಿ ಅದು. ಓಡುತ್ತಿರುವ ಇಂಟರ್ನೆಟ್ಟಿನಲ್ಲಿ ಮಾತ್ರ ನಾಲ್ಕೋ ಐದೋ ಎಣಿಸಬಹುದು. ಸೆಷನ್, ಪ್ರೆಸೆಂಟೇಷನ್ ಎಂಬ ಪದರಗಳನ್ನು ಬೇರೆಯಾಗಿ ಹುಡುಕಿದರೆ ಸಿಗುವುದಿಲ್ಲ, ಅವುಗಳ ಕೆಲಸ ಮೇಲಿನ ಪದರದೊಳಗೆ ಸೇರಿಹೋಗಿದೆ. ಗಡಿಗಳೂ ಸರಿಯುತ್ತಿರುತ್ತವೆ: 2021ರಲ್ಲಿ ಮಾನಕವಾದ ಕ್ವಿಕ್ ಎಂಬುದು ಯುಡಿಪಿಯ ಮೇಲೆ ಕೂತು ಟಿಸಿಪಿಯ ಲೆಕ್ಕವನ್ನೂ ಬೇರೆಯವರು ಓದದಂತೆ ಬೀಗ ಹಾಕುವ ಕೆಲಸವನ್ನೂ ತಾನೇ ಒಟ್ಟಿಗೆ ಮಾಡುತ್ತದೆ. ಬಾಯಿಪಾಠ ಮಾಡುವ ಬದಲು ಮನೆಯಲ್ಲೇ ಮೂರು ಪಿಂಗ್ ಮಾಡಿ ನೋಡಲಿ. ಮೊದಲು ರೂಟರಿನ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1. ಅಲ್ಲೇ ತುಂಡು ಕಳೆದರೆ ವೈಫೈಯ ತಪ್ಪು, ಕಡ್ಡಿ ಎಷ್ಟೇ ಇರಲಿ. ಆಮೇಲೆ 8.8.8.8ಕ್ಕೆ, ಮೊದಲನೆಯದು ಸರಿ ಇದ್ದು ಇಲ್ಲಿ ಕಳೆದರೆ ಹೊರಗಿನ ಲೈನಿನ ತಪ್ಪು. ಕೊನೆಗೆ ಯಾವುದಾದರೂ ಸೈಟಿನ ಹೆಸರಿಗೆ. ಇಲ್ಲಿ ಮಾತ್ರ ನಿಂತರೆ ಹೆಚ್ಚಾಗಿ ಡಿಎನ್‌ಎಸ್. ಮಳೆಯಲ್ಲಿ ಒಂದು ಸಲ, ಬಿಸಿಲಿನಲ್ಲಿ ಒಂದು ಸಲ, ನೂರು ನೂರು ಪಿಂಗ್ ಕಳಿಸಿ ಎಷ್ಟು ಕಳೆಯಿತು ಎಂದು ಬರೆದಿಟ್ಟರೆ ಪದರ ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಣದ ಆಫೀಸಿಗೆ ಈಗ. ವೈಫೈ ರಿಪೀಟರ್ ಹಾಕಬೇಡಿ; ಮಣ್ಣಿನ ದಪ್ಪ ಗೋಡೆ, ನಡುವೆ ನೆನೆದ ಕಾಫಿ ಗಿಡ, ಎರಡೂ ರೇಡಿಯೊ ಅಲೆಯನ್ನು ನುಂಗುತ್ತವೆ. ಲ್ಯಾನ್ ಕೇಬಲ್ ಎಳೆಯುವುದೂ ಬೇಡ. ತಾಮ್ರದ ಈಥರ್‌ನೆಟ್ ಕೇಬಲ್ಲಿನ ಮಿತಿ 100 ಮೀಟರ್. ಅದಕ್ಕಿಂತ ಮುಖ್ಯವಾಗಿ, ಏಪ್ರಿಲ್–ಮೇ ತಿಂಗಳ ಸಿಡಿಲು. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ ಒಂದು ಕಡೆ ಹೊಡೆದ ಸಿಡಿಲು ಎರಡೂ ಕಡೆಯ ಉಪಕರಣ ಸುಡುತ್ತದೆ. ಫೈಬರ್ ಹಾಕಿಸಿ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್, ಜೋಡಿಯಾಗಿಯೇ ಕೊಳ್ಳಬೇಕು: ಒಂದು 1310 ನ್ಯಾನೋಮೀಟರಿನ ಬೆಳಕು ಕಳಿಸಿ 1550 ಪಡೆಯುತ್ತದೆ, ಇನ್ನೊಂದು ತಿರುವುಮುರುವು. ಮನೆಯ ರೂಟರಿನಿಂದ ಲ್ಯಾನ್, ಅಲ್ಲಿಂದ ಬೆಳಕು, ಆಫೀಸಿನಲ್ಲಿ ಮತ್ತೆ ಲ್ಯಾನ್. ಲ್ಯಾಪ್‌ಟಾಪಿಗೆ ನಡುವೆ ಬೆಳಕಾದದ್ದು ತಿಳಿಯುವುದೇ ಇಲ್ಲ, ಐಪಿಗೂ ಇಲ್ಲ. ಆಫೀಸಿನ ವೈಫೈ ಡಬ್ಬಿಯನ್ನು ಆಕ್ಸೆಸ್ ಪಾಯಿಂಟ್ ಎಂದು ಸೆಟ್ ಮಾಡಿ, ಅದರ ಡಿಎಚ್‌ಸಿಪಿ ಆಫ್ ಮಾಡಿಸಿ. ಇಲ್ಲದಿದ್ದರೆ ವಿಳಾಸ ಹಂಚುವವರು ಇಬ್ಬರಾಗಿ ಗೊಂದಲವಾಗುತ್ತದೆ.

ಕೇಬಲ್ ಕೊಳ್ಳುವಾಗ ಒಳಗೆ ಸ್ಟೀಲ್ ತಂತಿ ಇಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರುವುದನ್ನೇ ಕೇಳಿ. ತಂತಿ ಇದ್ದರೆ ಸಿಡಿಲಿನ ಮಾತು ಮತ್ತೆ ಅಲ್ಲಿಗೇ ಬಂತು. ಮರದ ಮೇಲೆ ಕಟ್ಟಬೇಡಿ, ನೆರಳು ಮರದ ಕೊಂಬೆ ಕಡಿಯುವ ದಿನ ಅದೂ ಕಡಿಯುತ್ತದೆ. ಆನೆ ಬಂದರೆ ಹೇಳಬೇಕಾಗಿಯೇ ಇಲ್ಲ. ಎಚ್‌ಡಿಪಿಇ ಪೈಪಿನೊಳಗೆ ಹಾಕಿ ನೆಲದಲ್ಲಿ ಹೂಳಿಸಿ, ಒಂದು ಕೋರ್ (ಗಾಜಿನ ಎಳೆ) ಸಾಕಾದರೂ ನಾಲ್ಕು ಕೋರಿನದು ಹಾಕಿಸಿ. ಎರಡೂ ತುದಿಯಲ್ಲಿ ಐದಾರು ಮೀಟರ್ ಹೆಚ್ಚುವರಿ ಬಿಟ್ಟಿರಿ, ನಾಳೆ ತುಂಡಾದರೆ ಜೋಡಿಸಲು ಬೇಕಾಗುತ್ತದೆ. ಅದನ್ನು ಊಟದ ತಟ್ಟೆಗಿಂತ ಕಿರಿದಾಗಿ ಸುತ್ತಬೇಡಿ.